ಕವಲು ರೆಪ್ಪೆಯ ಕಲ್ಲುಹೂ

ಜನವರಿ ೯

ಚೂಪುಗಣ್ಣಿಗೆ ಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನತ್ತೆ ನನ್ನನ್ನು ಬೈಯುವ ದನಿ ಹೋದ ವರ್ಷಕ್ಕಿಂತ ಒಂದು ಮೆಟ್ಟಿಲು ಮೇಲೇ ಇದೆ, ಆದ್ದರಿಂದ ಅವಳ ಆರೋಗ್ಯ ಚೆನ್ನಾಗಿದೆ ಎಂದು ತಿಳಿ. ನಿನ್ನಮ್ಮನಿಗೆ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ ಅಂತ ಹೇಳು. ಅಕ್ಕ ನನ್ನ ಮಾತನ್ನು ಇವತ್ತಿನವರೆಗೆ ಕೇಳಿದ್ದಿಲ್ಲ, ಆದರೂ ಹೇಳು.

ಜೊತೆಗಿರುವ ಪೊಟ್ಟಣವನ್ನು ಬಾಗಿಲು ಹಾಕಿಕೊಂಡು ಬಿಚ್ಚು. ಒಳಗಿರುವುದು ಕಲ್ಲುಹೂ. ಇಪ್ಪತ್ತಾರು ವರ್ಷದಿಂದ ಈ ಕಾಡಿನ ಕುಟೀರದಲ್ಲಿ ದಾರಿ ಸವರುತ್ತಾ, ಬಂದ ವಿಜ್ಞಾನಿಗಳಿಗೆ ಮರ ತೋರಿಸುತ್ತಾ ಇದ್ದೇನೆ. ಹನ್ನೊಂದು ವರ್ಷದಿಂದ ನಿಮ್ಮ ಸಂಸ್ಥೆಗೆ ಪೊಟ್ಟಣ ಕಳಿಸುತ್ತಿದ್ದೇನೆ. ಇಂಥದ್ದನ್ನು ಕಂಡಿಲ್ಲ. ಎಲೆಯ ಹಾಗೆ ಹರಡಿದೆ, ಬೂದು ಬಣ್ಣ, ಅಂಚಿನ ಸುತ್ತ ಕರೀ ಕೂದಲು, ಥೇಟ್ ಕಣ್ಣಿನ ರೆಪ್ಪೆ. ರೆಪ್ಪೆಗೂದಲಿನ ಕಲ್ಲುಹೂವೇನೂ ಹೊಸದಲ್ಲ ಅಂತೀಯ. ಗೊತ್ತು. ಆದರೆ ಇದರ ಒಂದೊಂದು ಕೂದಲೂ ತುದಿಯಲ್ಲಿ ಎರಡಾಗಿ ಸೀಳಿದೆ, ಹಾವಿನ ನಾಲಿಗೆಯ ಹಾಗೆ. ನನ್ನ ಕನ್ನಡಕದ ತಪ್ಪೋ ಎಂದು ನಿನ್ನತ್ತೆಯ ಕನ್ನಡಕ ಹಾಕಿಕೊಂಡೂ ನೋಡಿದೆ.

ಸಿಕ್ಕಿದ್ದು ಹಳೇ ಸೇತುವೆ ಪಕ್ಕದ ಮರದಲ್ಲಿ. ನೀನು ಏಳು ವರ್ಷದವಳಿದ್ದಾಗ ಜೋಕಾಲಿ ಕಟ್ಟಿಸಿಕೊಂಡು, ಬಿದ್ದು, ಹಲ್ಲು ಮುರಿದುಕೊಂಡೆಯಲ್ಲ, ಅದೇ ಮರ.

ಯಾರಿಗೂ ಹೇಳಬೇಡ. ನಿಮ್ಮ ವಿಭಾಗದ ಮುಖ್ಯಸ್ಥರಿಗಂತೂ ಬೇಡವೇ ಬೇಡ. ಅವರಿಗೆ ನಾನು ಉಳಿ ಸಾಹೇಬರು ಅಂತ ಹೆಸರಿಟ್ಟಿರುವುದು ಸುಮ್ಮನೆ ಅಲ್ಲ. ಗುಡ್ಡ ಹತ್ತಿದರೆ ಫೋನು ಸಿಗುತ್ತದೆ, ಆದರೆ ಗುಡ್ಡದ ಮೇಲೆ ನಿಂತು ಕೂಗಿದ ಮಾತು ಊರಿನದಾಗುತ್ತದೆ. ಕಾಗದ ಬರೆ.

ಇತಿ,
ನಿನ್ನ ಮಾವ

•

ಜನವರಿ ೨೧

ಮಾವನಿಗೆ ನಮಸ್ಕಾರ.

ಬಾಗಿಲು ಹಾಕಿಕೊಂಡೇ ಬಿಚ್ಚಿದೆ. ನನ್ನ ಮೇಜು ಇರುವುದು ಉಗ್ರಾಣದ ಪಕ್ಕದ ಮೂಲೆಯಲ್ಲಿ, ಹಗಲಲ್ಲೂ ದೀಪ ಬೇಕು, ಅಲ್ಲಿಗೆ ಯಾರೂ ಬರುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಆ ಸೀಳಿದ ರೆಪ್ಪೆಗಳನ್ನು ಕಂಡಾಗ ನಾನು ಒಬ್ಬಳೇ ಕೂತು ನಕ್ಕೆ. ಗುಡಿಸುವ ಅಕ್ಕ ಇಣುಕಿ, "ಏನಮ್ಮಾ, ಒಬ್ಬಳೇ ನಗ್ತಿದೀಯ, ಮನೇಲಿ ಹೇಳಲಾ?" ಎಂದರು.

ಮೇಲಿನ ಬೂದು ಚರ್ಮವನ್ನು ಬ್ಲೇಡಿನಿಂದ ಚೂರು ಕೆರೆದೆ. ಒಳಗಿನ ಬಿಳೀ ತಿರುಳಿನ ಮೇಲೆ ಬಟ್ಟೆಗೆ ಹಾಕುವ ಬ್ಲೀಚಿನ ಒಂದು ತೊಟ್ಟು ಬಿಟ್ಟೆ. ಇದು ನಮ್ಮ ಹಳೆಯ ಪರೀಕ್ಷೆ. ಕೆಲವು ಕಲ್ಲುಹೂ ಬಣ್ಣ ತಿರುಗುತ್ತವೆ, ಕೆಲವು ಇಲ್ಲ, ಅದರ ಮೇಲೆ ಅವುಗಳ ಜಾತಿ ಬೇರೆಯಾಗುತ್ತದೆ. ಇದು ರಕ್ತದ ಹಾಗೆ ಕೆಂಪಾಯಿತು ಮಾವ. ಸೀಳು ರೆಪ್ಪೆ ಮತ್ತು ಕೆಂಪು ತಿರುಳು, ಎರಡೂ ಇರುವಂಥದ್ದು ನಾನು ತೆಗೆದ ಯಾವ ಪುಸ್ತಕದಲ್ಲೂ ಇಲ್ಲ. ಇದಕ್ಕೆ ಇನ್ನೂ ಹೆಸರೇ ಇಲ್ಲ ಎಂದು ನನಗೆ ಅನ್ನಿಸುತ್ತಿದೆ. ಹೆಸರಿಡುವ ಭಾಗ್ಯ ನಮ್ಮದಾಗಬಹುದು. ನನ್ನ ಕೆಲಸದ ಅವಧಿ ಜೂನ್‌ಗೆ ಮುಗಿಯುತ್ತದೆಂದು ನಿನಗೆ ಗೊತ್ತು. ಇಂಥದ್ದೊಂದು ಕೈಯಲ್ಲಿದ್ದರೆ ಮುಂದುವರಿಸುವುದಿಲ್ಲ ಎನ್ನಲು ಅವರಿಗೂ ಬಾಯಿ ಬರುವುದಿಲ್ಲ.

ಆದರೆ ಇಷ್ಟೇ ಸಾಲದು. ಒಂದು ತುಣುಕು ಇಲ್ಲಿ, ಒಂದು ಬೇರೆ ಸಂಸ್ಥೆಯ ಮಾದರಿ ಭಂಡಾರದಲ್ಲಿ ಇರಬೇಕು. ಇನ್ನೊಂದು ಕಳಿಸು.

ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡ. ನಾನು ಹಲ್ಲು ಮುರಿದುಕೊಂಡ ಮರದ ತೊಗಟೆ ನನಗೆ ಚೆನ್ನಾಗಿ ನೆನಪಿದೆ. ನುಣ್ಣಗೆ, ಕಾಗದದ ಹಾಗೆ ಸುಲಿಯುತ್ತಿತ್ತು. ಈ ಕಲ್ಲುಹೂವಿನ ಅಡಿಗೆ ಅಂಟಿಬಂದ ತೊಗಟೆ ದಪ್ಪಗಿದೆ, ಬಿರುಕು ಬಿಟ್ಟಿದೆ. ಅದೇ ಮರವಾ?

ಯಾರಿಗೂ ಹೇಳಿಲ್ಲ. ಸೂಕ್ಷ್ಮದರ್ಶಕಕ್ಕೆ ಮಾತ್ರ ಗೊತ್ತು.

ನಿನ್ನ ಚೂಪುಗಣ್ಣಿ

•

ಫೆಬ್ರವರಿ ೨

ಚೂಪುಗಣ್ಣಿಗೆ ಆಶೀರ್ವಾದ.

ಹೆಸರು ಸುಮ್ಮನೆ ಇಡಲಿಲ್ಲ ನಿನಗೆ. ಮರಕ್ಕೂ ವಯಸ್ಸಾಗುತ್ತದೆ ಕೂಸೇ. ನಿನ್ನತ್ತೆಯ ಹಿಮ್ಮಡಿಯೂ ಮದುವೆಯಲ್ಲಿ ನುಣ್ಣಗೇ ಇತ್ತು. (ಈ ಸಾಲನ್ನು ಅವಳು ಓದಿ, ಕಾಗದ ಕಿತ್ತುಕೊಳ್ಳಲು ಬಂದಳು.)

ಎರಡನೆಯದು ಕಳಿಸಿದ್ದೇನೆ. ಕೇಳು, ಮರದಲ್ಲಿ ಇದ್ದದ್ದು ಒಟ್ಟು ಮೂರು. ಮರದಲ್ಲೂ ಅಷ್ಟೇ, ನಾನು ಸುತ್ತಾಡಿದ ಅಷ್ಟೂ ಕಾಡಿನಲ್ಲೂ ಅಷ್ಟೇ. ಮೊದಲನೆಯದು ಕಿತ್ತಾಗ ಏನೂ ಅನ್ನಿಸಲಿಲ್ಲ. ಎರಡನೆಯದಕ್ಕೆ ಚಾಕು ಇಟ್ಟಾಗ ಕೈ ಹಿಂದೆ ಬಂತು. ಇದು ವರ್ಷಕ್ಕೆ ಬೆಳೆಯುವುದು ಅಕ್ಕಿಕಾಳಿನ ಅಗಲ. ಅಂಗೈಯಗಲ ಇರುವುದಕ್ಕೆ ನಿನ್ನಷ್ಟೇ ವಯಸ್ಸು. ಈಗ ಉಳಿದಿರುವುದು ಒಂದು.

ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಈಗ ನಾನು ಕೇಳುತ್ತೇನೆ. ಪೊಟ್ಟಣದ ಮೇಲಿನ ಚೀಟಿಯಲ್ಲಿ ಜಾಗ ಎಂಬಲ್ಲಿ ಏನು ಬರೆಯುತ್ತೀಯ? ತಂದವರು ಎಂಬಲ್ಲಿ ಯಾರ ಹೆಸರು?

ಹನ್ನೊಂದು ವರ್ಷದ ಹಿಂದೆ ಜಲಪಾತದ ಬಂಡೆಯ ಮೇಲೆ ಹಳದಿ ಕಲ್ಲುಹೂ ತೋರಿಸಿದವನು ನಾನು. ಉಳಿ ಸಾಹೇಬರು ಆಗ ನಿನ್ನ ಹಾಗೆ ಹೊಸಬರು. "ಅಣ್ಣಾ, ನಿಮ್ಮ ಉಪಕಾರ ಮರೆಯೋದಿಲ್ಲ" ಅಂದರು. ಅಚ್ಚಾದಾಗ ತಂದವರು ಎಂಬಲ್ಲಿ ಅವರದೇ ಹೆಸರು. ಹೋಗಲಿ, ನನ್ನ ಹೆಸರಿನಿಂದ ಬಂಡೆಗೇನು? ಆದರೆ ಜಾಗವನ್ನು ಗುರಿಯಿಟ್ಟ ಹಾಗೆ ಅಕ್ಷಾಂಶ ರೇಖಾಂಶದ ಅಂಕಿ ಸಮೇತ ಬರೆದಿದ್ದರು. ಮರುವರ್ಷ ಮೂರು ತಂಡ ಬಂದವು, ಮೂರರ ಕೈಯಲ್ಲೂ ಉಳಿ. ಈಗ ಹೋಗಿ ನೋಡು, ಬಂಡೆ ಬೋಳು ತಲೆ. ಆ ಹಳದಿ ಕಲ್ಲುಹೂ ಪುಸ್ತಕದಲ್ಲಿದೆ, ಬಂಡೆಯ ಮೇಲಿಲ್ಲ.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ಇಬ್ಬರು ಗೆಳೆಯರಿಗೆ ಕಾಡಿನಲ್ಲಿ ಜೇನಿನ ಗಡಿಗೆ ಸಿಕ್ಕಿತಂತೆ. ನಾನು ಕಣ್ಣು ಮುಚ್ಚಿದರೆ ಇವನು ತಿಂದಾನು ಎಂದು ಅವನು, ಅವನು ತಿಂದಾನು ಎಂದು ಇವನು, ಮೂರು ದಿನ ಎವೆಯಿಕ್ಕದೆ ಗಡಿಗೆಯ ಎರಡೂ ಕಡೆ ಕೂತರಂತೆ. ನಾಲ್ಕನೆಯ ದಿನ ಇಬ್ಬರಿಗೂ ಒಟ್ಟಿಗೇ ನಿದ್ದೆ ಹತ್ತಿತು. ಕರಡಿ ಬಂತು.

ಕಥೆ ನೆನಪಾಯಿತು, ಬರೆದೆ. ಬೇರೆ ಅರ್ಥವಿಲ್ಲ.

ನಿನ್ನ ಮಾವ

•

ಫೆಬ್ರವರಿ ೧೪

ಮಾವನಿಗೆ ನಮಸ್ಕಾರ.

ಎರಡನೆಯದು ತಲುಪಿತು. ಕೆಲಸದ ಗಡಿಬಿಡಿ, ಇನ್ನೂ ಕೂತು ನೋಡಲಾಗಿಲ್ಲ. ಒಂದು ಸಂತೋಷದ ಸುದ್ದಿ ಹೇಳುತ್ತೇನೆ. ನನಗೆ ಕಿಟಕಿ ಪಕ್ಕದ ಮೇಜು ಕೊಟ್ಟಿದ್ದಾರೆ! ನಾಲ್ಕು ವರ್ಷ ಉಗ್ರಾಣದ ವಾಸನೆ ಕುಡಿದವಳಿಗೆ ಮಧ್ಯಾಹ್ನದಿಂದ ಸಂಜೆಯವರೆಗೂ ಧಾರಾಳ ಬಿಸಿಲು. ಸೀಸೆ, ಬ್ಲೇಡು, ಚಿಮಟ ಎಲ್ಲವನ್ನೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಕೊಂಡಿದ್ದೇನೆ. ಅಮ್ಮನಿಗೆ ಹೇಳಿದೆ. "ಕಿಟಕಿ ಕೊಟ್ರೆ ಸಂಬಳ ಕೊಟ್ಟ ಹಾಗಾಯ್ತಾ?" ಅಂದಳು.

ಚೀಟಿಯ ವಿಷಯ ನನಗೆ ಬಿಡು. ತಂದವರು ಎಂಬಲ್ಲಿ ನಿನ್ನ ಹೆಸರೇ ಇರುತ್ತದೆ. ಜಾಗದ ಬಗ್ಗೆ ಆಮೇಲೆ ಮಾತಾಡೋಣ.

ಚೂಪುಗಣ್ಣಿ

•

ಫೆಬ್ರವರಿ ೨೪

ಮಗಳೇ,

ಹೋದ ಸೋಮವಾರ ಬೆಳಗ್ಗೆ ಹತ್ತರ ಹೊತ್ತಿಗೆ ಕುಟೀರದ ಮುಂದೆ ಒಂದು ಜೀಪು ನಿಂತಿತು. ಇಳಿದವರು ಇಬ್ಬರು. ಗುರುತಿನ ಚೀಟಿ ನಿಮ್ಮ ಸಂಸ್ಥೆಯದು. ಕೈಯಲ್ಲಿ ಚೀಲ, ಚೀಲದಿಂದ ಇಣುಕುತ್ತಿದ್ದದ್ದು ಉಳಿ. ನಿನ್ನತ್ತೆ ನೀರು ಕೊಟ್ಟಳು.

"ಹಳೇ ಸೇತುವೆ ಯಾವ ಕಡೆ ಯಜಮಾನರೇ?" ಅಂದರು.

"ಸೇತುವೆ ಹತ್ತಿರ ಏನಿದೆ ಸ್ವಾಮಿ?" ಅಂದೆ.

"ಒಂದು ಮರ ನೋಡ್ಬೇಕು."

"ಕಾಡಿಗೆ ಬಂದು ಒಂದೇ ಮರ ನೋಡ್ತೀವಿ ಅನ್ನೋರನ್ನ ಇವತ್ತೇ ನೋಡಿದ್ದು," ಅಂದಳು ನಿನ್ನತ್ತೆ.

ದಾರಿ ತೋರಿಸಿದೆ. ತೋರಿಸದೆ ಏನು ಮಾಡಲಿ, ನನ್ನ ಕೆಲಸವೇ ಅದು. ಬುಡದಿಂದ ಎರಡಾಳೆತ್ತರದವರೆಗೆ ಆ ಮರವನ್ನು ಕೆರೆದರು. ಬೂದು ಬಣ್ಣದ್ದು ಏನಿತ್ತೋ ಎಲ್ಲ ಚೀಲಕ್ಕೆ. ಎರಡು ಗಂಟೆ ಹಿಡಿಯಿತು. ನಾನು ಸೇತುವೆಯ ಕಟ್ಟೆಯ ಮೇಲೆ ಕೂತು ನೋಡಿದೆ.

ಆ ಸೇತುವೆಯ ಮರದ ಸುದ್ದಿ ನಾನು ಬರೆದದ್ದು ಒಬ್ಬಳಿಗೆ. ಅವಳು ಸೂಕ್ಷ್ಮದರ್ಶಕಕ್ಕೆ ಹೇಳಿದಳು. ಸೂಕ್ಷ್ಮದರ್ಶಕಕ್ಕೆ ಬಾಯಿ ಬಂದದ್ದು ಯಾವಾಗ? ಅದೇ ತಿಂಗಳು ಅವಳಿಗೆ ಕಿಟಕಿ ಸಿಕ್ಕಿತು. ನಾನು ಓದಿದವನಲ್ಲ, ಆದರೆ ಕೂಡುವ ಲೆಕ್ಕ ಬರುತ್ತದೆ.

ಮಾವ

•

ಮಾರ್ಚ್ ೬

ಮಾವನವರಿಗೆ,

ನಿಮ್ಮ ಕಾಗದ ತಲುಪಿತು. ಸಂಸ್ಥೆಯವರು ಎಲ್ಲಿಗೆ ಹೋಗುತ್ತಾರೆ ಎಂದು ನನ್ನನ್ನು ಕೇಳಿ ಹೋಗುವುದಿಲ್ಲ. ನನ್ನ ಪೊಟ್ಟಣಗಳು ಎಲ್ಲರೂ ತೆಗೆಯುವ ಕಪಾಟಿನಲ್ಲೇ ಇರುತ್ತವೆ, ಮೇಲೆ ಚೀಟಿ ಇರುತ್ತದೆ. ಯಾರು ಬೇಕಾದರೂ ಓದಿರಬಹುದು.

ನಾನು ಕೇಳಬೇಕಾದದ್ದು ಬೇರೆ ಇದೆ. ಆ ಇಬ್ಬರು ತಂದ ಚೀಲದಲ್ಲಿ ಸೀಳು ರೆಪ್ಪೆಯದು ಒಂದೂ ಇರಲಿಲ್ಲ. ತೊಗಟೆಯೂ ಹೊಂದುವುದಿಲ್ಲ. ಅಂದರೆ ನೀವು ಬರೆದ ಮರ ಸುಳ್ಳು.

ಅದಕ್ಕಿಂತ ದೊಡ್ಡದು ಇನ್ನೊಂದು. ನೀವು ಕಳಿಸಿದ ಎರಡನೆಯದನ್ನು ಪರೀಕ್ಷೆ ಮಾಡಿದೆ. ಕೆಂಪಾಗಲಿಲ್ಲ. ನಾಲ್ಕು ಕಡೆ ಕೆರೆದು ನಾಲ್ಕು ತೊಟ್ಟು ಬಿಟ್ಟೆ. ಬಿಳೀ ತಿರುಳು ಬಿಳಿಯಾಗಿಯೇ ಉಳಿಯಿತು. ಒಂದೇ ಮರದ, ಒಂದೇ ಜಾತಿಯ ಎರಡು ಕಲ್ಲುಹೂ ಹೀಗೆ ಆಗುವುದು ಬಲು ಅಪರೂಪ. ಹಾಗಾದರೆ ಮೊದಲನೆಯದು ಎಲ್ಲಿಂದ ಬಂತು? ಎರಡನೆಯದು ಎಲ್ಲಿಂದ?

ಮುಖ್ಯಸ್ಥರು ಎರಡನ್ನೂ ನೋಡಿದರು. "ಕಾಡಿನವರು ಏನು ಬೇಕಾದ್ರೂ ಕಟ್ಟಿ ಕಳಿಸ್ತಾರಮ್ಮ. ಒಂದು ಮರದ್ದು, ಒಂದು ಬೇಲೀದು. ಮಾವ ಅಂತ ಕಣ್ಣು ಮುಚ್ಚಿಕೊಂಡು ಬರೀಬೇಡ," ಎಂದರು. ನನಗೆ ತಿರುಗಿ ಮಾತಾಡಲು ಆಗಲಿಲ್ಲ, ಯಾಕೆಂದರೆ ಮರದ ವಿಷಯದಲ್ಲಿ ನೀವು ಆಗಲೇ ಒಂದು ಸುಳ್ಳು ಹೇಳಿದ್ದಿರಿ.

ಉಳಿದಿರುವ ಮೂರನೆಯದನ್ನು ಕಳಿಸಬೇಕು. ಅದು ಕೆಂಪಾದರೆ ಎಲ್ಲ ಸರಿಹೋಗುತ್ತದೆ. ಇಲ್ಲವಾದರೆ ನಾನು ನಿಮ್ಮ ಪರವಾಗಿ ನಿಲ್ಲಲಾರೆ.

ನಮಸ್ಕಾರಗಳು.

•

ಮಾರ್ಚ್ ೧೫

ಸಂಸ್ಥೆಯ ಸಂಶೋಧಕಿಯವರ ಸನ್ನಿಧಿಗೆ,

ತಾವು ಕೇಳಿದ್ದನ್ನು ಈ ಪೊಟ್ಟಣದಲ್ಲಿ ಇಟ್ಟಿದೆ. ಪರೀಕ್ಷೆ ಮಾಡಿ, ಬಂದ ಫಲವನ್ನು ತಿಳಿಸುವುದು. ತುಣುಕಿನ ಅಂಚು ಕಡಿಯದ ಹಾಗೆ ನೋಡಿಕೊಳ್ಳುವುದು.

ತಾವು ಹುಟ್ಟಿದಾಗಿನಿಂದ ನನ್ನನ್ನು ನೀನು ಎನ್ನುತ್ತಿದ್ದಿರಿ. ಹೋದ ಕಾಗದದಲ್ಲಿ ಗೌರವ ಸಿಕ್ಕಿತು. ನಿಮ್ಮತ್ತೆಗೆ ಓದಿ ಹೇಳಿದೆ. ಅವಳು ಆ ದಿನ ನನ್ನನ್ನು ಬೈಯಲಿಲ್ಲ.

ಇತಿ,
ಕುಟೀರದ ದಾರಿ ಸವರುವವನು

•

ಮಾರ್ಚ್ ೨೭

ಮಾವನವರಿಗೆ,

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ಮೂರನೆಯದೂ ಕೆಂಪಾಗಲಿಲ್ಲ.

ಸೀಳು ರೆಪ್ಪೆ ಮೂರರಲ್ಲೂ ಇದೆ. ತೊಗಟೆ ಮೂರರದೂ ಒಂದೇ ಥರ. ಆದರೆ ಮೊದಲನೆಯದು ಮಾತ್ರ ಕೆಂಪು, ಇನ್ನೆರಡು ಬಿಳಿ. ಆದ್ದರಿಂದ ಎರಡನೆಯದು, ಮೂರನೆಯದು ಒಂದು ಮರದ್ದು, ಮೊದಲನೆಯದು ಬೇರೆ ಎಲ್ಲಿಂದಲೋ ಬಂದದ್ದು ಎಂದೇ ನಾನು ತಿಳಿಯಬೇಕಾಗಿದೆ. ಯಾರಾದರೂ ನಿಮಗೆ ಕೊಟ್ಟರಾ? ಬೇರೆ ಕಾಡಿನಿಂದ ಬಂದ ವಿಜ್ಞಾನಿಗಳ ಚೀಲದಿಂದ ಬಿದ್ದದ್ದಾ? ನಿಜ ಹೇಳಿದರೆ ನಾನು ಬೈಯುವುದಿಲ್ಲ.

ಮುಖ್ಯಸ್ಥರು ಒಂದು ಟಿಪ್ಪಣಿ ತಯಾರು ಮಾಡಿದ್ದಾರೆ. ನೀವು ಹನ್ನೊಂದು ವರ್ಷದಿಂದ ಕಳಿಸಿದ ನಾನೂರು ಚಿಲ್ಲರೆ ಪೊಟ್ಟಣಗಳ ಮೇಲೂ 'ಜಾಗ ನಂಬಲರ್ಹವಲ್ಲ' ಎಂದು ಮೊಹರು ಒತ್ತಬೇಕಂತೆ. ನನ್ನ ರುಜು ಕೇಳಿದ್ದಾರೆ. ಏಪ್ರಿಲ್ ಇಪ್ಪತ್ತರವರೆಗೆ ಸಮಯ ಕೇಳಿಕೊಂಡಿದ್ದೇನೆ.

ಅಮ್ಮನಿಗೆ ಹೇಳಿಲ್ಲ. ಇನ್ನೊಂದು ಸಂಕಟವೆಂದರೆ, ನಾನು ಕೇಳಿದೆನೆಂದು ನೀವು ಕೊನೆಯದನ್ನೂ ಕೆತ್ತಿ ಕಳಿಸಿದಿರಿ. ಈಗ ಮರದ ಮೇಲೆ ಏನೂ ಇಲ್ಲ.

ಉತ್ತರ ಬರೆಯಿರಿ.

•

ಏಪ್ರಿಲ್ ೫

ಚೂಪುಗಣ್ಣಿಗೆ,

ನಿನ್ನ ಕಾಗದ ಓದಿದೆ. ಬೈದು ಬರೆಯಬೇಕು ಅಂತ ಕೂತರೆ ನಿನ್ನ ಮುರಿದ ಹಲ್ಲು ನೆನಪಾಗುತ್ತಿತ್ತು. ಈಗ ಹೇಳಿದಂತೆ ಮಾಡು. ಬಾಗಿಲು ಹಾಕಿಕೊ. ಮೊದಲು ಕಳಿಸಿದ ತುಣುಕು ತೆಗೆ. ಮೂರನೆಯ ಸಲ ಕಳಿಸಿದ್ದು ತೆಗೆ. ಎರಡನ್ನೂ ಬಿಳೀ ಹಾಳೆಯ ಮೇಲೆ ಅಕ್ಕಪಕ್ಕ ಇಡು. ಹರಿದ ಅಂಚು ಎದುರುಬದುರಾಗಲಿ. ಮೆಲ್ಲಗೆ ಹತ್ತಿರ ತಳ್ಳು.

ಕಂಡಿತಾ?

ಅವು ಎರಡಲ್ಲ. ಒಂದೇ. ನನ್ನ ಹೆಬ್ಬೆರಳಿನಿಂದಲೇ ಹರಿದದ್ದು. ಜನವರಿಯಲ್ಲಿ ಮರದಿಂದ ತೆಗೆದ ಮೊದಲನೆಯದರ ಅರ್ಧ ನಿನಗೆ ಕಳಿಸಿ, ಅರ್ಧವನ್ನು ನಿನ್ನತ್ತೆಯ ಹಳೇ ಬಳೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದೆ. ಯಾಕೆ ಅಂದರೆ, ನಿನ್ನನ್ನು ಪೂರ್ತಿ ನಂಬಿರಲಿಲ್ಲ. ಸೇತುವೆಯ ಮರ ಅಂತ ಬರೆದದ್ದೂ ಅದಕ್ಕೇ. ಸುದ್ದಿ ಸೋರಿದರೆ ಸುಳ್ಳು ಮರಕ್ಕೆ ಹೋಗಲಿ ಅಂತ. ಸೋರಿತು, ಹೋಯಿತು.

ಮಾರ್ಚಿನಲ್ಲಿ ನೀನು ಕೊನೆಯದನ್ನು ಕೇಳಿದಾಗ ಚಾಕು ತೆಗೆದುಕೊಂಡು ಮರದವರೆಗೂ ಹೋದೆ. ಸುಳ್ಳು ಹೇಳುವುದಿಲ್ಲ, ಸಿಟ್ಟಿನಲ್ಲಿ ಹೋದೆ. ಕೆತ್ತಿ ಮುಖಕ್ಕೆ ಎಸೆಯೋಣ ಅನ್ನಿಸಿತ್ತು. ಅದರ ಮುಂದೆ ನಿಂತೆ. ಆಗ ಹೊಳೆಯಿತು, ನನ್ನ ಹತ್ತಿರ ಪೆಟ್ಟಿಗೆಯಲ್ಲಿ ಅರ್ಧ ಇದೆಯಲ್ಲ ಅಂತ. ಅದನ್ನೇ ಮೂರನೆಯದು ಅಂತ ಕಳಿಸಿದೆ. ನೀನು ನನ್ನನ್ನು ಪರೀಕ್ಷೆ ಮಾಡುತ್ತಿದ್ದೆ, ನಾನು ನಿನ್ನನ್ನು ಮಾಡಿದೆ.

ಈಗ ಯೋಚಿಸು. ಒಂದೇ ಕಲ್ಲುಹೂವಿನ ಎಡಭಾಗ ಜನವರಿಯಲ್ಲಿ ಕೆಂಪಾಯಿತು, ಬಲಭಾಗ ಮಾರ್ಚಿನಲ್ಲಿ ಆಗಲಿಲ್ಲ. ಬದಲಾದದ್ದು ಕಲ್ಲುಹೂವಲ್ಲ. ಹಾಗಾದರೆ ಏನು?

ನನಗೆ ತಿಳಿಯಲಿಲ್ಲ. ನಿನ್ನ ಕಾಗದಗಳನ್ನೆಲ್ಲ ನಿನ್ನತ್ತೆಗೆ ಮೊದಲಿಂದ ಓದಿ ಹೇಳಿದೆ. ಅವಳು ತೊಟ್ಟಿ ತೊಳೆಯುತ್ತಾ ಕೇಳುತ್ತಿದ್ದಳು. ಕಿಟಕಿಯ ಜಾಗ ಬಂದಾಗ, "ಇನ್ನೊಂದ್ಸಲ ಓದಿ," ಅಂದಳು. ಓದಿದೆ.

"ಸೀಸೆ ಎಲ್ಲಿಟ್ಟಿದಾಳಂತೆ?"

"ಕಿಟಕಿ ಕಟ್ಟೆ ಮೇಲೆ."

"ಬಿಸಿಲಿಗೆ?"

"ಧಾರಾಳ ಬಿಸಿಲು ಅಂತ ಬರೆದಿದಾಳೆ."

ಅವಳು ಕೈ ಒರೆಸಿಕೊಂಡು ನಕ್ಕಳು. "ನೀರಿನ ತೊಟ್ಟಿಗೆ ಹಾಕೋ ಬ್ಲೀಚಿಂಗ್ ಪುಡೀನ ನಾನು ಯಾಕೆ ಕತ್ತಲೆ ಮೂಲೇಲಿ ಬಿಗಿಯಾಗಿ ಮುಚ್ಚಿಡ್ತೀನಿ ಅಂದ್ಕೊಂಡ್ರಿ? ನಿಮ್ಮಿಂದ ಕದ್ದಿಡೋಕಾ? ಬಿಸಿಲು ಬಡಿದ್ರೆ ಅದು ಸತ್ತೋಗತ್ತೆ. ಆಮೇಲೆ ಸುಣ್ಣದ ನೀರಿಗೂ ಕಡೆ. ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ. ಬರೀರಿ ಅವಳಿಗೆ, ಹೊಸ ಸೀಸೆ ತೊಗೊ ಅಂತ."

ಬರೆದಿದ್ದೇನೆ. ಹೊಸ ಸೀಸೆ ತೆಗೆದುಕೊ.

ಕೊನೆಯದು ಇನ್ನೂ ಮರದ ಮೇಲೇ ಇದೆ. ಎಲ್ಲಿ ಅಂತ ಹೇಳುವುದಿಲ್ಲ.

ಮಾವ

•

ಏಪ್ರಿಲ್ ೧೬

ಮಾವ,

ಎರಡೂ ಅಂಚು ಸೇರಿದವು. ಒಡೆದ ಬಳೆ ಕೂಡಿಸಿದ ಹಾಗೆ. ಒಂದು ಸೀಳು ರೆಪ್ಪೆ ಹರಿದ ಗೆರೆಯ ಮೇಲೇ ಇತ್ತು, ಅದರ ಒಂದು ಕವಲು ಒಂದು ತುಣುಕಿನಲ್ಲಿ, ಇನ್ನೊಂದು ಕವಲು ಇನ್ನೊಂದರಲ್ಲಿ.

ಅಂಗಡಿಗೆ ಹೋಗಿ ಹೊಸ ಬ್ಲೀಚು ತಂದೆ. ಅತ್ತೆ ಹೇಳಿದ್ದು ನಿಜ. ಮೂರೂ ಕೆಂಪಾದವು. ಹಳೇ ಸೀಸೆಯ ತೊಟ್ಟು ಬರೀ ನೀರಿನ ಹಾಗೆ ನಿಂತಿತ್ತು. ನಾಚಿಕೆಯ ವಿಷಯ ಬರೆಯುತ್ತೇನೆ. ಪ್ರತಿ ಸಲವೂ ಮೊದಲು ಖಂಡಿತ ಕೆಂಪಾಗುವ ಪರಿಚಿತ ಕಲ್ಲುಹೂವಿನ ಮೇಲೆ ಒಂದು ತೊಟ್ಟು ಬಿಟ್ಟು, ಸೀಸೆ ಸರಿಯಿದೆಯಾ ಎಂದು ನೋಡಬೇಕು. ಅದು ನಮಗೆ ಮೊದಲ ವಾರದಲ್ಲೇ ಕಲಿಸುವ ಪಾಠ. ನಾನು ನೋಡಲಿಲ್ಲ. ಸೀಸೆಯನ್ನು ಅನುಮಾನಿಸುವ ಮೊದಲು ನಿನ್ನನ್ನು ಅನುಮಾನಿಸಿದೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

ಇನ್ನೊಂದು ಇದೆ. ಕಪಾಟಿನ ಚೀಟಿ ಯಾರೋ ಓದಿರಬಹುದು ಎಂದು ಬರೆದೆನಲ್ಲ, ಅದು ಸುಳ್ಳು. ಸಾಹೇಬರಿಗೆ ಹೇಳಿದವಳು ನಾನೇ. ಜನವರಿಯಲ್ಲಿ ಒಂದು ಬೆಳಗ್ಗೆ ನಿನಗೆ 'ಯಾರಿಗೂ ಹೇಳಿಲ್ಲ' ಎಂದು ಬರೆದು ಅಂಚೆಗೆ ಹಾಕಿ ಬಂದೆ. ಮಧ್ಯಾಹ್ನ ಅವರು, "ಏನಮ್ಮಾ, ಇವತ್ತು ಮುಖ ಅರಳಿದೆ?" ಎಂದರು. ನಾಲ್ಕು ವರ್ಷದಲ್ಲಿ ಅವರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ಜೂನ್ ನೆನಪಾಯಿತು. ಎಲ್ಲ ಹೇಳಿಬಿಟ್ಟೆ, ಸೇತುವೆಯ ಮರವನ್ನೂ ಸೇರಿಸಿ. ಕಿಟಕಿ ಬಂದದ್ದು ಹಾಗೆ. ಆ ಕಿಟಕಿಯ ಬಿಸಿಲಿಗೇ ಸೀಸೆ ಸತ್ತದ್ದು.

ಟಿಪ್ಪಣಿಗೆ ರುಜು ಹಾಕಲಿಲ್ಲ. ಎರಡು ತುಣುಕನ್ನೂ ಸಾಹೇಬರ ಮುಂದೆ ಜೋಡಿಸಿ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಅಂಚನ್ನು ನೋಡಿದರು. ಟಿಪ್ಪಣಿಯನ್ನು ಮಡಚಿ ಜೇಬಿಗಿಟ್ಟುಕೊಂಡು, "ಒಳ್ಳೇದು. ಹಾಗಾದ್ರೆ ಮಾವನಿಂದ ನಿಜವಾದ ಜಾಗ ತರಿಸು, ಅಂಕಿ ಸಮೇತ," ಎಂದರು.

"ಅಪರೂಪದ್ದಕ್ಕೆ ನಿಖರವಾದ ಜಾಗ ಅಚ್ಚು ಮಾಡ್ಬೇಕಾಗಿಲ್ಲ ಸರ್," ಎಂದೆ.

"ಯಾರು ಹೇಳಿದ್ದು?"

"ಜಲಪಾತದ ಬಂಡೆ."

ಮಾರನೆಯ ದಿನ ಬರುವ ಹೊತ್ತಿಗೆ ನನ್ನ ಸಾಮಾನೆಲ್ಲ ಉಗ್ರಾಣದ ಪಕ್ಕದ ಹಳೇ ಮೇಜಿನ ಮೇಲಿತ್ತು. ಗುಡಿಸುವ ಅಕ್ಕ, "ತವರಿಗೆ ಬಂದ್ಯಾ?" ಎಂದರು. ಇಲ್ಲಿ ಸೀಸೆ ಕೆಡುವುದಿಲ್ಲ. ಜೂನ್ ಆದ ಮೇಲೆ ಏನೋ, ಗೊತ್ತಿಲ್ಲ. ಅಷ್ಟರೊಳಗೆ ಲೇಖನ ಮುಗಿಸಿ ಕಳಿಸುತ್ತೇನೆ.

ಎರಡು ಅರ್ಧಗಳನ್ನೂ ಒಂದೇ ಪೊಟ್ಟಣದಲ್ಲಿ ಇಟ್ಟೆ. ಇನ್ನು ಮೇಲೆ ಈ ಜಾತಿಯ ಹೆಸರು ನಿಲ್ಲುವುದು ಅದರ ಮೇಲೆ. ಚೀಟಿಯನ್ನು ಕೈಯಲ್ಲೇ ಬರೆದಿದ್ದೇನೆ. ತಂದವರು ಎಂಬಲ್ಲಿ ನಿನ್ನ ಪೂರ್ತಿ ಹೆಸರು, ನಿನ್ನ ಅಪ್ಪನ ಹೆಸರಿನ ಸಮೇತ. ಅದರ ಕೆಳಗಿನ ಸಾಲಿನಲ್ಲಿ ಹೀಗಿದೆ:

'ಮರ: ತಂದವರಿಗೆ ಗೊತ್ತು.'

ನಿನ್ನ ಚೂಪುಗಣ್ಣಿ. ಹೆಸರು ಬದಲಿಸಬೇಕೆನಿಸಿದರೆ ಬದಲಿಸು.

•

ಏಪ್ರಿಲ್ ೨೮

ಚೂಪುಗಣ್ಣಿಗೆ ಮಾವನ ಆಶೀರ್ವಾದಗಳು.

ಹೆಸರು ಬದಲಿಸುವುದಿಲ್ಲ. ಕಣ್ಣು ಚೂಪಾಗಿಯೇ ಇದೆ, ನಡುವೆ ಒಂದಿಷ್ಟು ಬಿಸಿಲು ಬಿದ್ದಿತ್ತು. ಆದರೆ ಆ ಕಲ್ಲುಹೂವಿಗೆ ನನ್ನ ಹೆಸರಿಡುವ ಆಲೋಚನೆಯಿದ್ದರೆ ಈಗಲೇ ಬಿಡು. ಗೋಡೆಯ ಮೇಲೆ ಪಾಚಿ ಕಂಡಾಗಲೆಲ್ಲ ನಿನ್ನತ್ತೆ ನನ್ನ ಹೆಸರು ಹೇಳಿ ಕೆರೆಯುತ್ತಾಳೆ.

ಸೇತುವೆಯ ಮರಕ್ಕೆ ಹೋಗಿದ್ದೆ. ಎರಡಾಳೆತ್ತರ ಕೆಂಪಗೆ, ಬೋಳಾಗಿ ನಿಂತಿದೆ. ಅದರ ಮೇಲೆ ಇದ್ದದ್ದು ಎಲ್ಲ ಕಡೆ ಇರುವ ಸಾಧಾರಣ ಕಲ್ಲುಹೂ. ಯಾರಿಗೂ ಬೇಡದ್ದು. ಆದರೂ ಮೂವತ್ತು ನಲವತ್ತು ವರ್ಷದ್ದು. ಉಳಿಯನ್ನು ಅಲ್ಲಿಗೆ ಕಳಿಸಿದವನು ನಾನು, ದಾರಿ ಹೇಳಿದವಳು ನೀನು. ಗಡಿಗೆ ಕಾಯುತ್ತಾ ಕೂತ ನಮ್ಮಿಬ್ಬರ ನಡುವೆ ಕರಡಿ ತಿಂದುಹೋದದ್ದು ಆ ಮರವನ್ನು.

ನನ್ನ ಮೊಣಕಾಲೂ ನಿನ್ನಮ್ಮನ ದಾರಿ ಹಿಡಿದಿದೆ. ಏರು ಹತ್ತುವಾಗ ಮೂರು ಕಡೆ ಕೂರುತ್ತೇನೆ. ಕೊನೆಯದು ಎಲ್ಲಿದೆ ಎಂಬುದು ನನ್ನೊಬ್ಬನಿಗೇ ಗೊತ್ತಿರುವುದು ಒಳ್ಳೆಯದಲ್ಲ. ಕಾಗದದಲ್ಲಿ ಬರೆಯುವುದಿಲ್ಲ, ಕಾಗದವನ್ನು ನಾನಿನ್ನೂ ನಂಬುವುದಿಲ್ಲ. ನೀನೇ ಬಾ. ಜೂನ್ ಆದ ಮೇಲೆ ಬಿಡುವು ಸಿಕ್ಕರೂ ಸರಿ, ಸಿಗದಿದ್ದರೆ ರಜೆ ಹಾಕಿ ಬಾ. ಮೊದಲು ಸೇತುವೆಯ ಮರಕ್ಕೆ ಹೋಗೋಣ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಆಮೇಲೆ ಆ ಮರಕ್ಕೆ.

ಬ್ಲೇಡು, ಚಿಮಟ, ಚಾಕು ಅಲ್ಲೇ ಬಿಟ್ಟು ಬಾ. ಹಾಗಂತ ನೀನು ಹೇಳಿದರೆ ನಾನು ನಂಬುತ್ತೇನೆ. ನಿನ್ನತ್ತೆ ಮಾತ್ರ ಬಾಗಿಲಲ್ಲೇ ಚೀಲ ಬಿಚ್ಚಿ ನೋಡುತ್ತಾಳಂತೆ.

ನಿನ್ನ ಮಾವ